ಎತ್ತು ಹೋದ ಮನೆ

ಅವತ್ತು ಬೆಳಗಿನಿಂದ ಚನ್ನವೀರನ ಕಾಲು ಒಂದು ಕಡೆ ನಿಲ್ಲಲಿಲ್ಲ. ಗುಡಿಸಿದ ಮಠದ ಅಂಗಳವನ್ನೇ ಮತ್ತೆ ಗುಡಿಸಿದ. ಸೊಂಟದ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡ.

ಗಂಟಿನಲ್ಲಿದ್ದದ್ದು ಅವನ ಅವ್ವನ ಎರಡು ಚಿನ್ನದ ಕಡಗ. ಗಂಡ ಹೋದ ಮೇಲೆ ಆಕೆಗೆ ಉಳಿದದ್ದು ಅಷ್ಟೇ. "ಎಲ್ಲಾದರೂ ಹಾಕು ಮಗಾ, ಕೈಲಾಗದ ಕಾಲಕ್ಕೆ ನನ್ನ ಗಂಜಿಗಾಗಲಿ" ಎಂದು ಕೊಟ್ಟಿದ್ದಳು.

"ಬುದ್ಧಿ, ಅಪ್ಪಣೆ ಕೊಡಿ" ಎಂದ ಗುರುಗಳಿಗೆ. "ಕೆಂಚಪ್ಪ ತನ್ನ ಎಣ್ಣೆಗಾಣದಲ್ಲಿ ಕಾಲು ಪಾಲು ಮಾರುತ್ತಿದ್ದಾನೆ. ಎರಡು ಕಡಗಕ್ಕೆ ಕೊಡ್ತಾನಂತೆ. ತಡ ಮಾಡಿದರೆ ಕೈತಪ್ಪಿ ಹೋಗುತ್ತೆ."

"ಚೆನ್ನಾಗಿ ನೋಡಿದೆಯಾ?"

"ನೋಡದೆ ಇರ್ತೀನಾ? ಕಲ್ಲು ಬಿರುಕು ಬಿಟ್ಟಿಲ್ಲ. ದಿನಾ ಎರಡು ಕೊಡ ಎಣ್ಣೆ ಇಳಿಯುತ್ತೆ. ಎತ್ತಿನ ಬಾಯಿ ತೆರೆಸಿ ಹಲ್ಲೂ ನೋಡಿದೆ!"

"ಕೊಟ್ಟಿಗೆ?"

"ಕೊಟ್ಟಿಗೆ ಕಟ್ಟಿಕೊಂಡು ನನಗೇನು ಬುದ್ಧಿ? ಎಣ್ಣೆ ಬರೋದು ಗಾಣದಿಂದ."

ಗುರುಗಳು ನಕ್ಕರು. "ಸಂಜೆ ಹೋಗೋಣ."

ಸಂಜೆಯಂತೆ! ಅಷ್ಟರಲ್ಲಿ ಯಾರಾದರೂ ಬಂದು ಮಾತು ಮುಗಿಸಿಬಿಟ್ಟರೆ? ಈ ಮುದುಕರಿಗೆ ವ್ಯಾಪಾರ ಏನು ಗೊತ್ತು ಎಂದು ಚನ್ನವೀರ ಒಳಗೊಳಗೇ ಸಿಡಿಮಿಡಿಗೊಂಡ. ಮಧ್ಯಾಹ್ನದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಹೊತ್ತು ಇಳಿಯುವಾಗ ಇಬ್ಬರೂ ಹೋದರು. ಗಾಣ ಕಿರುಗುಟ್ಟುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಎತ್ತು ಸುಮ್ಮನೆ ಸುತ್ತುತ್ತಿತ್ತು.

"ಸಾಕು, ಬಿಚ್ಚಪ್ಪ ಅದನ್ನ" ಎಂದರು ಗುರುಗಳು.

"ಇರಲಿ ಬುದ್ಧಿ, ಕತ್ತಲಾದ ಮೇಲೆ ನಾನೇ ಹೊಡಕೊಂಡು ಹೋಗ್ತೀನಿ" ಎಂದ ಕೆಂಚಪ್ಪ. ದನಿ ಯಾಕೋ ತಡವರಿಸಿತು.

ಗುರುಗಳೇ ಹೋಗಿ ನೊಗ ಕಳಚಿದರು. ಕಣ್ಣಿನ ಬಟ್ಟೆ ಬಿಚ್ಚಿ ಬೆನ್ನು ತಟ್ಟಿದರು.

ಎತ್ತು ಹೊರಟಿತು. ಕೆಂಚಪ್ಪನ ಕೊಟ್ಟಿಗೆ ಪಕ್ಕದಲ್ಲೇ ಇತ್ತು, ಅತ್ತ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಮೇಲಿನ ಬೀದಿಗೆ ಹತ್ತಿ, ಊರ ಸಾಹುಕಾರರ ಮನೆಯ ಕೊಟ್ಟಿಗೆಗೆ ನುಗ್ಗಿತು.

ಸಾಹುಕಾರರ ಹೆಂಡತಿ ಬಾಗಿಲಿಗೆ ಬಂದಳು. ಹಿಂದೆಯೇ ಓಡಿಬಂದ ಮೂವರಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಕೆಂಚಪ್ಪ ಒಬ್ಬನೇ.

"ಎತ್ತನ್ನು ಮಾತ್ರ ಅಟ್ಟಿದೆಯಲ್ಲೋ, ಅದರ ಬಾಡಿಗೆ ಎಲ್ಲಿ? ದಿನಾ ಒಂದು ಕೊಡ ಎಣ್ಣೆ ಅಂತ ತಾನೇ ಮಾತು?"

ಚನ್ನವೀರನ ಮೈ ಉರಿದುಹೋಯಿತು. "ಅಯ್ಯೋ ಪಾಪಿ! ಅರ್ಧ ಎಣ್ಣೆ ಇಲ್ಲಿಗೇ ಬರುತ್ತಾ? ನಮ್ಮವ್ವನ ಗಂಜಿಗೆ ಮಣ್ಣು ಹಾಕ್ತಿದ್ದೆಯಲ್ಲೋ!"

"ಎತ್ತು ನನ್ನದು ಅಂತ ನಾನು ಹೇಳಿದೆನಾ?" ಎಂದ ಕೆಂಚಪ್ಪ. "ನೀನು ಕೇಳಲಿಲ್ಲ, ನಾನು ಹೇಳಲಿಲ್ಲ."

ಸ್ವಲ್ಪ ಹೊತ್ತಿಗೆ ಅವನೇ ಮೆತ್ತಗಾದ. "ಆಗಲಿ ಮಾರಾಯ. ಅರ್ಧ ಎಣ್ಣೆ ಹೋಗುತ್ತೆ ಅಂದರೆ ಅರ್ಧ ಬೆಲೆಗೇ ತಗೋ. ಒಂದೇ ಕಡಗ ಕೊಡು."

ಲೆಕ್ಕ ಸರಿಯಾಗಿಯೇ ಇತ್ತು. ಚನ್ನವೀರ ಗಂಟಿಗೆ ಕೈ ಹಾಕಿದ. ತೆಗೆದ. ಮತ್ತೆ ಹಾಕಿದ.

"ಆ ಗಾಣದ ಒನಕೆ ಯಾರದು?" ಎಂದ.

"ನನ್ನದೇ."

"ಮೇಲಿನ ಚಪ್ಪರ?"

"ಅದೂ ನನ್ನದೇ ಕಣಯ್ಯಾ!"

"ಕಲ್ಲು?"

ಕೆಂಚಪ್ಪ ಗುರುಗಳ ಕಡೆ ತಿರುಗಿ ಕೈ ಮುಗಿದ. "ನೆಲದಲ್ಲಿ ಹೂತು ಕೂತ ಕಲ್ಲು ಯಾರದು ಅಂತಾನಲ್ಲ ಬುದ್ಧಿ! ಇರೋದೆಲ್ಲ ಹೇಳಿದ ಮೇಲೂ ಯಾಕೆ ನಂಬ್ತಿಲ್ಲ? ನೀವಾದರೂ ಹೇಳಿ."

ಗುರುಗಳು ಎತ್ತಿನ ಕಣ್ಣಿನ ಬಟ್ಟೆಯನ್ನು ಕೆಂಚಪ್ಪನ ಕೈಗಿಟ್ಟರು.

"ಮೊದಲೇ ಹೇಳಿದ್ದರೆ ಇವನು ಎತ್ತಿಗಷ್ಟೇ ಬೆಲೆ ಮುರಿಯುತ್ತಿದ್ದ, ಕೆಂಚಪ್ಪ. ಇನ್ನು ಆ ಕಲ್ಲೂ ಕತ್ತಲಾದ ಮೇಲೆ ಯಾರ ಮನೆಗೆ ಹೋಗುತ್ತದೋ ಅಂತ ಕೇಳುತ್ತಾನೆ."