ಸೊಂಟದ ಮಟ್ಟದ ಕಲ್ಲು

“ಅಜ್ಜಾರ, ಪರೀಕ್ಷೆ ಇನ್ನೊಮ್ಮೆ ಬರೀಲೋ, ಅರ್ಜಿ ಹಾಕಿಬಿಡಲೋ?”

ಮಠದ ಪಡಸಾಲೆಯಲ್ಲಿ ಕೂತಿದ್ದ ಸ್ವಾಮಿಗಳನ್ನು ಶಿವಲೀಲಾ ಹೀಗೆ ಕೇಳಿದಳು. ಆ ಸೀಮೆಯಲ್ಲಿ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಾರೆ. ಕೇಳಿದಳು ಅನ್ನುವುದಕ್ಕಿಂತ ಜಗಳಕ್ಕೆ ನಿಂತಳು ಅನ್ನಬೇಕು. ಕೈಯಲ್ಲಿ ಮೊಬೈಲು, ಮೂಗಿನ ತುದಿಯಲ್ಲಿ ಸಿಟ್ಟು.

ಪರೀಕ್ಷೆ ಎಂದರೆ ಎಂಬಿಎ ಕಾಲೇಜಿಗೆ ಸೇರುವ ಪ್ರವೇಶ ಪರೀಕ್ಷೆ. ಅವಳು ಅದನ್ನು ಎರಡು ಸಲ ಬರೆದಿದ್ದಳು. ಮೊದಲ ಸಲ ಎಂಬತ್ತನಾಲ್ಕು ಬಂತು. ಈ ಸಲ ಎಂಬತ್ತೆಂಟು. ಅವಳಿಗೆ ಬೇಕಾದ ಕಾಲೇಜು ಕೇಳುವುದು ಬರೀ ಎಂಬತ್ತು. ಅರ್ಜಿಗೆ ಶುಕ್ರವಾರ ಕಡೆಯ ದಿನ, ಅವತ್ತು ಬುಧವಾರ. ಈ ವರ್ಷ ಆಗದಿದ್ದರೆ ಬರುವ ವರ್ಷ, ಅದೇ ಕೊನೆ, ಆಮೇಲೆ ಕಾಲೇಜಿನ ಹೆಸರೆತ್ತಬೇಡ ಎಂದು ಅವ್ವ ಹೇಳಿಬಿಟ್ಟಿದ್ದಳು. ಅವ್ವನದು ಖಡಕ್ ರೊಟ್ಟಿ ಕೇಂದ್ರ. ಇಪ್ಪತ್ತಾರು ಹೆಂಗಸರು ಅಲ್ಲಿ ರೊಟ್ಟಿ ತಟ್ಟುತ್ತಾರೆ. ಅದನ್ನು ಎಣಿಸಿ, ಕಟ್ಟಿ, ಊರೂರಿಗೆ ಕಳಿಸುವವಳು ಶಿವಲೀಲಾ. ಆ ಇಪ್ಪತ್ತಾರು ಬಾಯಿಗೂ ಎರಡು ವರ್ಷದಿಂದ ಅವಳ ಅಂಕವೇ ಎಲೆಯಡಿಕೆಯಾಗಿತ್ತು. ಕೋಚಿಂಗ್ ಸರ್ ಅಂತೂ ಮೂರನೆಯ ಸಲಕ್ಕೆ ತೊಂಬತ್ತೈದು ಗ್ಯಾರಂಟಿ ಎಂದು ಎದೆ ತಟ್ಟಿಕೊಂಡಿದ್ದ. ಯಾಕೆ ತಟ್ಟಿಕೊಳ್ಳುವುದಿಲ್ಲ? ಅವನ ಹೊಸ ಬ್ಯಾಚು ತುಂಬಬೇಕಲ್ಲ!

“ನನ್ನ ಜೋಡಿ ಓದಿದಾಕಿಗೆ ಹೋದ ವರ್ಷ ಬಂದಿದ್ದು ಎಂಬತ್ತೊಂದ್ರಿ,” ಎಂದಳು ಶಿವಲೀಲಾ. “ಆಕಿ ಒಳಗ ಕುಂತಾಳ. ನಾನು ಹೊರಗ ನಿಂತೀನಿ. ಇದ್ಯಾವ ನ್ಯಾಯ ಹೇಳ್ರಿ?”

“ಹೋದ ವರ್ಷ ನೀನೂ ಅರ್ಜಿ ಹಾಕಿದ್ದಿಲ್ಲೇನು?”

“ಎಂಬತ್ತನಾಲ್ಕು ಇಟ್ಕೊಂಡು ಯಾರರ ಅರ್ಜಿ ಹಾಕ್ತಾರೇನ್ರಿ!”

“ಈ ವರ್ಷದ್ದು ತುಂಬಿ ನೋಡಿದಿ?”

“ತುಂಬೀನ್ರಿ. ಒಂದ ಬಿಟ್ಟೀನಿ. ಅದರಾಗ ಒಂದು ಹುಚ್ಚು ಪ್ರಶ್ನಿ ಐತ್ರಿ. ನಿಮ್ಮ ಕೈಯಲ್ಲಿ ಕೆಟ್ಟ ಕೆಲಸವೊಂದನ್ನು ಹೇಗೆ ಸರಿಪಡಿಸಿದಿರಿ, ಅಂತ. ಏನ್ ಬರೀಲ್ರಿ? ಮಳಿಗಾಲದಾಗ ಪುಣೆಕ್ಕ ಕಳಿಸಿದ ಐದುನೂರು ರೊಟ್ಟಿ ಬೂಷ್ಟು ಹಿಡಿದಿದ್ದು, ನಾನು ಕಟ್ಟೋ ರೀತಿ ಬದಲಿ ಮಾಡಿದ್ದು, ಇದನ್ನ ಬರೀಲೇನು? ಬಿದ್ದು ಬಿದ್ದು ನಗ್ತಾರ. ಅದ ತೊಂಬತ್ತೈದು ಬಂದ್ರ ಅದನ್ನೆಲ್ಲಾ ಯಾರು ಓದ್ತಾರ್ರಿ?”

ಅಜ್ಜಾರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಸಾವುಕಾರ ಇದ್ದ. ಅವನ ಎತ್ತಿನ ಗಾಡಿಗಳು ಕಾಳು ಹೇರಿಕೊಂಡು ಘಟ್ಟ ಇಳಿದು ಬಂದರಿಗೆ ಹೋಗುತ್ತಿದ್ದವು. ವರ್ಷ ವರ್ಷಕ್ಕೆ ಗಾಡಿಗಳು ಹೆಚ್ಚಿದವು. ಹತ್ತು ಗಾಡಿಗೊಬ್ಬ ಯಜಮಾನ ಬೇಕಾದ. ಕೆಲಸ ಬೇಕು ಎಂದು ಊರಿಗೂರೇ ಬಂತು. ಬಂದವರನ್ನೆಲ್ಲ ಕೂರಿಸಿ ಮಾತಾಡಿಸಿದರೆ ಅಂಗಡಿ ನೋಡುವವರು ಯಾರು? ಸಾವುಕಾರ ಬಾಗಿಲ ಮುಂದೆ ಒಂದು ಗುಂಡುಕಲ್ಲು ಇಡಿಸಿದ. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಂದು ದಿನ, ಆ ಕಲ್ಲನ್ನು ಸೊಂಟದ ಮಟ್ಟಕ್ಕೆ ಎತ್ತಿದವರು ಒಳಗೆ ಬಂದು ಕೂತು ಮಾತಾಡಬಹುದು ಎಂದು ಡಂಗುರ ಹೊಡೆಸಿದ. ಕೆಸರಲ್ಲಿ ಹೂತ ಗಾಲಿಗೆ ಕೈ ಕೊಡಲಾರದವನು ಬರುವುದು ಬೇಡ, ಅಷ್ಟೇ ಅದರ ಅರ್ಥ.

ಆ ಊರಿನ ಗರಡಿಯಲ್ಲಿ ಒಬ್ಬ ಪೈಲ್ವಾನ ಇದ್ದ. ಮೊದಲ ವರ್ಷ ಬಂದ, ಕಲ್ಲನ್ನು ಸೊಂಟಕ್ಕೆ ಎತ್ತಿದ. ಸಾವುಕಾರನ ಗುಮಾಸ್ತ ಬಾಗಿಲಲ್ಲಿ ನಿಂತು ಒಳಗೆ ಬಾ ಎಂದು ಕರೆದ. ಪೈಲ್ವಾನ ಸುತ್ತ ನೋಡಿದ. ಸೊಂಟಕ್ಕೆ ಎತ್ತಿದವರು ಇನ್ನೂ ಆರು ಮಂದಿ ಸಾಲಾಗಿ ನಿಂತಿದ್ದರು. ಆ ಸಾಲಿನಲ್ಲಿ ತಾನೂ ಒಬ್ಬನೇ? “ಬರೋ ವರ್ಷ ಎದಿಮಟ ಎತ್ತಿ ಬರ್ತೀನಿ,” ಎಂದು ಮೀಸೆ ತಿರುವಿ ಹೊರಟುಬಿಟ್ಟ.

ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದನಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೇ? ಭಲೆ ಮಗನೇ ಎಂದು ಬೆನ್ನು ತಟ್ಟಿದ. ಪೈಲ್ವಾನನ ಮನೆಯಿಂದ ಬರುತ್ತಿದ್ದ ಬಾದಾಮಿ, ತುಪ್ಪ ಇನ್ನೂ ಒಂದು ವರ್ಷ ಬರುವುದು ಖಾತ್ರಿಯಾಯಿತು. ಪೈಲ್ವಾನನ ತಾಯಿ ಎಮ್ಮೆ ಕರೆದು, ಬೆಣ್ಣೆ ಕಾಸಿ, ತನ್ನ ರೊಟ್ಟಿಗೆ ಒಂದು ಹನಿ ಸವರಿಕೊಳ್ಳದೆ ತಂಬಿಗೆ ತುಂಬಿ ಗರಡಿಗೆ ಕಳಿಸಿದಳು. ಆ ತುಪ್ಪ ಯಾರ ಗಂಟಲಲ್ಲಿ ಇಳಿಯಿತು ಎಂಬುದನ್ನು ನೋಡಿದವರು ನೋಡಿದ್ದಾರೆ. ಹುಡುಗನ ತೋಳಿಗಿಂತ ವಸ್ತಾದನ ಹೊಟ್ಟೆ ಬೇಗ ಬೆಳೆಯಿತು. ತಾಯಿಯ ಬಾಯಿಯ ತುಪ್ಪ ತಿನ್ನುವವನಿಗೆ ನಾಚಿಕೆಯಾದರೂ ಬೇಡವೇ?

ಎರಡನೆಯ ವರ್ಷ ಕಲ್ಲು ಎದೆಗೆ ಏರಿತು. ಓಣಿಯ ಹೆಂಗಸರು ಆರತಿ ಎತ್ತಿದರು. ಗುಮಾಸ್ತ ಮತ್ತೆ ಬಾಗಿಲಿಗೆ ಬಂದ. ಪೈಲ್ವಾನ ಕೈ ಬೀಸಿದ. “ಹೆಗಲೊಂದು ಉಳದೈತಿ.”

“ಸಾವುಕಾರ್ರು ಹೆಗಲು ಕೇಳಿಲ್ಲಪಾ,” ಎಂದ ಗುಮಾಸ್ತ.

“ಕಿವಿಮ್ಯಾಲಿನ ಲೆಕ್ಕಣಿಕಿ ಬಿಟ್ಟು ಏನೂ ಎತ್ತಿಲ್ಲ ನೀನು. ನಿನಗೇನ್ ತಿಳಿತೈತಿ ಹೋಗು!”

ಸುತ್ತ ನಿಂತವರು ಹೋ ಎಂದು ನಕ್ಕರು. ನಗುವವರಿಗೇನು? ಅವರ ಮನೆಯ ತುಪ್ಪ ಹೋಗುತ್ತಿತ್ತೇ?

ಮೂರನೆಯ ವರ್ಷ ಸಾವುಕಾರನ ಬಳಿ ಉಳಿದದ್ದು ಒಂದೇ ಜಾಗ. ಅವತ್ತು ಮೊದಲು ಬಂದವನು ಒಬ್ಬ ಕುಂಬಾರ. ಕಡ್ಡಿಯಂಥ ಕಾಲು, ಮಣ್ಣು ಮೆತ್ತಿದ ಪಂಚೆ. ಕಲ್ಲು ಹಿಡಿದಾಗ ಮೊಣಕಾಲು ನಡುಗಿದವು. “ಜ್ವಾಕಿ ಮಾರಾಯಾ, ಅದು ಗಡಿಗಿ ಅಲ್ಲ!” ಎಂದು ಯಾರೋ ಕೂಗಿದರು. ಕಲ್ಲು ಸೊಂಟ ಮುಟ್ಟಿತು, ದೊಪ್ಪನೆ ಬಿತ್ತು. ಕುಂಬಾರ ನಗುವವರ ಜೊತೆ ತಾನೂ ನಕ್ಕು, ಕೈ ಒರೆಸಿಕೊಂಡು ಒಳಗೆ ಹೋದ. ಅವನ ಹಿಂದೆ ಪೈಲ್ವಾನ ಬಂದ. ಕಲ್ಲನ್ನು ಹೆಗಲ ಮೇಲೆ ಇಟ್ಟುಕೊಂಡ. ಪೇಟೆಗೆ ಪೇಟೆಯೇ ಕೂಗಿತು. ಜನ ಅವನನ್ನು ಹೊತ್ತು ಮೂರು ಸುತ್ತು ಮೆರೆಸಿದರು. ಮೆರೆದು ಬರುವಷ್ಟರಲ್ಲಿ ಕುಂಬಾರ ಸಾವುಕಾರನ ಬಾರುಕೋಲು ಹಿಡಿದು ಹೊರಗೆ ಬರುತ್ತಿದ್ದ. ಕೆಲಸ ಆಗಿಹೋಗಿತ್ತು.

ಪೈಲ್ವಾನ ಕೊರಳಲ್ಲಿ ಹಾರ ಹಾಕಿಕೊಂಡೇ ಒಳಗೆ ನುಗ್ಗಿದ. “ನಾನು ಹೆಗಲಿಗೆ ಎತ್ತಿದವ! ಅವ ಸೊಂಟಕ್ಕ! ಊರೆಲ್ಲಾ ನೋಡೈತಿ. ಇದು ಅನ್ಯಾಯ ಅಲ್ಲೇನ್ರಿ?”

ಸಾವುಕಾರ ಸಿಟ್ಟಾಗಲಿಲ್ಲ. “ಮೂರು ವರ್ಷ ಕಿಟಕಿಯಾಗಿಂದ ನಾನೂ ನೋಡೀನಿ. ಕಲ್ಲು ಎತ್ತೂದ್ರಾಗ ನಿನ್ನ ಸರಿ ಯಾರೂ ಇಲ್ಲ. ಆದ್ರ ಒಳಗ ಬಂದವರಿಗೆ ನಾನು ಒಂದ ಮಾತು ಕೇಳ್ತೀನಿ. ನಿನ್ನ ಕೈಯಾಗ ಕೆಟ್ಟಿದ್ದೇನು, ಅದನ್ನ ಹೆಂಗ ನೆಟ್ಟಗ ಮಾಡಿದಿ? ಹೇರು ಹೊತ್ತ ಕತ್ತೆ ಕಾಲು ಜಾರಿ ಅರವತ್ತು ಗಡಿಗಿ ಒಡದ್ವು ಅಂದ ಆ ಕುಂಬಾರ. ಅವತ್ತಿಂದ ಹೇರು ಎರಡೂ ಕಡೆ ಸಮ ಮಾಡಿ, ನಡುವ ಹುಲ್ಲು ತುರಕಿದ್ನಂತ. ಆಮ್ಯಾಲೆ ಒಂದೂ ಒಡೀಲಿಲ್ಲಂತ. ನನ್ನ ಗಾಡಿಗೆ ಅಂಥವ ಬೇಕು. ನಿಂದು ಇನ್ನೂ ಕೇಳಿಲ್ಲ. ನಿಂದು ಚೊಲೊ ಇದ್ರ ಹೊಸದಾಗಿ ಹತ್ತು ಗಾಡಿ ಕಟ್ಟಿಸಿ ನಿನಗೂ ಕೊಡ್ತೀನಿ. ಹೇಳು.”

ಪೈಲ್ವಾನನಿಗೂ ಹೇಳುವುದಿತ್ತು. ಗರಡಿ ಸೇರುವ ಮೊದಲು ಅವನು ಹಳ್ಳದಲ್ಲಿ ಅಪ್ಪನ ಗಾಡಿ ಮಗುಚಿ ಹಾಕಿದ್ದ. ನೊಗದ ಹಗ್ಗ ಕೊಯ್ದು ಎರಡೂ ಎತ್ತುಗಳನ್ನು ಉಳಿಸಿದ್ದ. ಒಂದೊಂದೇ ಚೀಲ ಹೊತ್ತು ದಡಕ್ಕೆ ಹಾಕಿದ್ದ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಹೆಗಲಿಗೆ ಕಲ್ಲು ಎತ್ತಿದವನು, ಕೊರಳಲ್ಲಿ ಹಾರ ಇರುವವನು, ಗಾಡಿ ಮಗುಚಿದ ಮಾತು ಆಡುವುದೇ? ಬಾಗಿಲಾಚೆ ಬಿದ್ದಿದ್ದ ಕಲ್ಲಿನ ಕಡೆ ನೋಡಿದ.

“ಬೇಕಾದ್ರ ತಲಿಮ್ಯಾಲ ಎತ್ತಿ ತೋರಸ್ತೀನ್ರಿ,” ಎಂದ.

ಸಾವುಕಾರ ಎದ್ದು ಊಟಕ್ಕೆ ಹೋದ.

ಅಜ್ಜಾರು ಕತೆ ನಿಲ್ಲಿಸಿದರು. ಶಿವಲೀಲಾಳ ಮುಖ ಕೆಂಪಾಗಿತ್ತು. ಅವಳಿಗೆ ಆ ಸಾವುಕಾರ ಸಿಕ್ಕಿದ್ದರೆ ಅಲ್ಲೇ ಎರಡು ಮಾತು ಬಿಗಿಯುತ್ತಿದ್ದಳು.

“ಇದು ಮೋಸ ಬಿಡ್ರಿ ಅಜ್ಜಾರ! ಮೂರು ವರ್ಷ ಮೈ ಮುರಿದು ದುಡಿದವಗ ಬೆಲಿನ ಇಲ್ಲೇನ್ರಿ? ಆ ವಸ್ತಾದಂದು ತಪ್ಪು. ಕೂಗಿ ಕೂಗಿ ಮೆರಸಿದ ಮಂದಿದು ತಪ್ಪು. ಪಾಪ, ಅವ ಏನ್ ಮಾಡಿದ್ದ? ಅಷ್ಟು ಭಾರದ ಕಲ್ಲು ಎತ್ತಿದವಗ ಎರಡು ಮಾತು ಆಡೂದು ಭಾರ ಆಗ್ತದೇನ್ರಿ?”

“ಕಲ್ಲು ಏನೂ ಕೇಳೂದಿಲ್ಲ ತಂಗಿ,” ಎಂದರು ಅಜ್ಜಾರು, “ಅದಕ್ಕ ಅದು ಹಗುರ.”

ಶಿವಲೀಲಾ ಮುಂದಿನ ಮಾತಿಗೆ ಬಾಯಿ ತೆರೆದಿದ್ದಳು. ಆ ಮಾತು ಬಿಟ್ಟು ಮೊಬೈಲಿನಲ್ಲಿ ಅರ್ಜಿ ತೆರೆದು, ಖಾಲಿ ಬಿಟ್ಟಿದ್ದ ಪ್ರಶ್ನೆಯ ಕೆಳಗೆ ಐದುನೂರು ರೊಟ್ಟಿ ಎಂದು ಬರೆಯತೊಡಗಿದಳು.