ಬೀಳಬಾರದ ಸಾಲು

“ಗುರುಗಳೇ, ಎಲ್ಲರ ಎದುರಿಗೆ ನನ್ನನ್ನು ನೆಲದ ಮೇಲೆ ಯಾಕೆ ಮಲಗಿಸಿದಿರಿ?” ಎಂದು ಶಿಷ್ಯೆ ಕೇಳಿದಳು.

ಆ ಬೆಳಿಗ್ಗೆ ಚಿಕಿತ್ಸಾಲಯದಲ್ಲಿ ಒಬ್ಬ ಬಡಗಿಯ ಗಾಯದ ಕಟ್ಟನ್ನು ಬಿಚ್ಚುವಾಗ ಅವಳು ರಕ್ತ ಕಂಡು ಮೂರ್ಛೆ ಹೋಗಿದ್ದಳು. ಜೊತೆಯವರು ತೋಳು ಹಿಡಿದು ನಿಲ್ಲಿಸಲು ನೋಡಿದರು. ಗುರುಗಳು ಅವರನ್ನು ತಡೆದು ಅವಳನ್ನು ಬರಿನೆಲದಲ್ಲಿ ಮಲಗಿಸಿದ್ದರು. ವೈದ್ಯವಿದ್ಯೆ ತನಗಲ್ಲ ಎಂದುಕೊಂಡು ಅವಳೀಗ ಬಟ್ಟೆಯ ಗಂಟಿನೊಡನೆ ಹೊರಟು ನಿಂತಿದ್ದಳು.

“ಕುಳಿತುಕೋ ಮಗಳೇ. ಒಂದು ಕತೆ ಕೇಳಿ ಹೋಗು,” ಎಂದರು ಗುರುಗಳು.

ಒಬ್ಬ ದಳಪತಿಯಿದ್ದ. ಅವನ ಪಡೆಯಷ್ಟು ನೆಟ್ಟಗೆ ನಿಲ್ಲುವ ಪಡೆ ಆ ರಾಜ್ಯದಲ್ಲಿ ಬೇರೊಂದಿರಲಿಲ್ಲ. ಅವನಿಗೆ ಅದರ ಹೆಮ್ಮೆಯಿತ್ತು. ಹೆಮ್ಮೆಪಡಲು ಅವನು ಅರ್ಹನೂ ಆಗಿದ್ದ. ರಾಜನ ಎದುರು ಸಾಲಿನಲ್ಲಿ ಯಾರೂ ಬೀಳಕೂಡದು, ಯಾರಾದರೂ ತೂಗಾಡಿದರೆ ಅಕ್ಕಪಕ್ಕದವರು ಭುಜ ಕೊಟ್ಟು ನಿಲ್ಲಿಸಬೇಕು ಎಂಬುದು ಅವನ ಕಟ್ಟಪ್ಪಣೆ.

ವಿಜಯೋತ್ಸವದ ದಿನ ರಾಜ ಬರುವುದು ತಡವಾಯಿತು. ನಡುಮಧ್ಯಾಹ್ನದ ಬಿಸಿಲು. ದಳಪತಿ ಸಾಲಿನ ನಡುವೆ ಮೊಣಕಾಲು ಬಿಗಿದು, ಬೆರಳನ್ನೂ ಅಲುಗಿಸದೆ ನಿಂತಿದ್ದ. ಆಕಳಿಕೆ ಬಂತು. ಕಣ್ಣು ಮಂಜಾಯಿತು. ಕಿವಿ ಗುಂಯ್ ಎಂದಿತು. ಪ್ರಜ್ಞೆ ತಪ್ಪಿತು. ಪಕ್ಕದ ಇಬ್ಬರು ಅಪ್ಪಣೆಯಂತೆ ಭುಜ ಕೊಟ್ಟರು. ಸಾಲು ಗೆರೆ ಎಳೆದಂತೆಯೇ ಉಳಿಯಿತು. ದಳಪತಿಯ ಮುಖ ಮಾತ್ರ ಸುಣ್ಣದಂತೆ ಬಿಳಿಚಿ, ಕೈಕಾಲು ಅದುರತೊಡಗಿದವು.

ಪಡೆಗೆ ನೀರು ಕೊಡುವ ಮುದುಕಿ ಕೊಡ ಹಿಡಿದು ಓಡಿ ಬಂದಳು.

“ಮಲಗಿಸ್ರಪ್ಪಾ ಅವರನ್ನ!”

“ಯಾರೂ ಬೀಳಬಾರದು ಅಂತ ಅವರದೇ ಅಪ್ಪಣೆ, ಅಜ್ಜಿ.”

“ಅಪ್ಪಣೆ ಕೊಟ್ಟ ತಲೆಗೇ ಈಗ ರಕ್ತ ಇಲ್ಲ! ಕಾಲು ಅಲುಗದಿದ್ದರೆ ರಕ್ತ ಮೇಲಕ್ಕೆ ಏರುತ್ತೇನ್ರೋ? ಎಲ್ಲಾ ಕೆಳಗೇ ನಿಂತುಬಿಟ್ಟಿದೆ. ನಿಲ್ಲಿಸಿಯೇ ಸಾಯಿಸ್ತೀರಾ?”

ಅಷ್ಟರಲ್ಲಿ ರಾಜನ ನಗಾರಿ ಕೇಳಿಸಿತು. ಭುಜ ಕೊಟ್ಟಿದ್ದ ಇಬ್ಬರೂ ಮುಖ ಮುಖ ನೋಡಿಕೊಂಡರು. ಕೊನೆಗೆ ದಳಪತಿಯನ್ನು ನೆಲಕ್ಕೆ ಇಳಿಸಿದರು. ಮುದುಕಿ ನೀರು ಚೆಲ್ಲಿ, ಕೊಡವನ್ನು ಅಡ್ಡ ಮಲಗಿಸಿ, ಅವನ ಕಾಲುಗಳನ್ನು ಅದರ ಮೇಲಿಟ್ಟಳು. ತುಸು ಹೊತ್ತಿಗೆ ಅವನ ತುಟಿಗೆ ಬಣ್ಣ ಬಂತು. ಅವನು ಕಣ್ಣು ತೆರೆದ.

“ನನ್ನ ಸಾಲು ಮುರಿಯಿತೇ?”

“ಮುರೀತು, ದಣಿ. ಅದಕ್ಕೇ ನೀವು ಬದುಕಿ ಕೇಳ್ತಾ ಇದ್ದೀರಿ.”

ದಳಪತಿ ಅಂದೇ ಅಪ್ಪಣೆ ಬದಲಿಸಿದ. ನಿಂತವರು ಪಾದರಕ್ಷೆಯೊಳಗೆ ಬೆರಳು ಆಡಿಸುತ್ತಿರಬೇಕು, ತೂಗಾಡಿದವರನ್ನು ಮಲಗಿಸಬೇಕು ಎಂದ. ಆಮೇಲೂ ಅಷ್ಟು ನೆಟ್ಟಗೆ ನಿಲ್ಲುವ ಪಡೆ ಆ ರಾಜ್ಯದಲ್ಲಿ ಬೇರೊಂದಿರಲಿಲ್ಲ.

ಗುರುಗಳು ಕತೆ ಮುಗಿಸಿ ಹೇಳಿದರು: “ಅವನಿಗೆ ಬಿಸಿಲು, ನಿನಗೆ ರಕ್ತದ ನೋಟ. ಆ ನೋಟಕ್ಕೆ ನಿನ್ನ ನಾಡಿ ನಿಧಾನವಾಯಿತು, ರಕ್ತನಾಳಗಳು ಸಡಿಲವಾದವು, ತಲೆಗೆ ರಕ್ತ ಸಾಲದಾಯಿತು. ಆಗ ದೇಹ ತಲೆಯನ್ನು ಹೃದಯದ ಮಟ್ಟಕ್ಕೆ ಇಳಿಸಿಕೊಂಡಿತು. ಅದಕ್ಕೆ ನಾನು ಅಡ್ಡಿಯಾಗಲಿಲ್ಲ.”

“ಆದರೂ ನಾನು ಬಿದ್ದದ್ದನ್ನು ಎಲ್ಲರೂ ನೋಡಿದರಲ್ಲ,” ಎಂದಳು ಶಿಷ್ಯೆ, ಗಂಟನ್ನು ಎದೆಗವುಚಿ.

“ಕಣ್ಣು ತೆರೆದೊಡನೆ ನೀನು ‘ಬಡಗಿಯ ಗಾಯಕ್ಕೆ ಕಟ್ಟು ಹಾಕಿದಿರಾ?’ ಎಂದು ಕೇಳಿದ್ದನ್ನು ಮಾತ್ರ ನಾನೊಬ್ಬನೇ ಕೇಳಿಸಿಕೊಂಡೆ.”