ಬೀದಿಗೆ ಬಂದ ನೂಲು

ಶಿಷ್ಯನು ಸಂತೆಯಿಂದ ದೊಡ್ಡದೊಂದು ಬೀಗ ತಂದು ಗುರುಗಳ ಮುಂದಿಟ್ಟು ಕೇಳಿದ: "ಗುರುಗಳೇ, ಪೇಟೆಯ ಗಿರಣಿ ಮುಚ್ಚಿದೆ. ಕೆಲಸ ಹೋದವರೆಲ್ಲ ಊಟಕ್ಕೆ ನಮ್ಮ ಮಠಕ್ಕೇ ಬರುತ್ತಿದ್ದಾರೆ. ದುಡಿಮೆ ನಿಂತ ಕಾಲದಲ್ಲಿ ಕಳ್ಳತನ ಹೆಚ್ಚುತ್ತದೆ ಎನ್ನುತ್ತಾರೆ. ನಿಜವೇ? ಉಗ್ರಾಣಕ್ಕೆ ಬೀಗ ಹಾಕಲೇ?"

ಗುರುಗಳು ಬೀಗವನ್ನು ತಿರುಗಿಸಿ ನೋಡಿದರು. "ಗಟ್ಟಿಯಾಗಿದೆ. ಕೂತುಕೋ, ಮೊದಲು ಕತೆ ಕೇಳು" ಎಂದರು.

ಒಂದೂರಿನಲ್ಲಿ ನೇಕಾರರ ಓಣಿಯಿತ್ತು. ಅಲ್ಲೊಂದು ರೂಢಿ. ನೇಯುವ ಮೊದಲು ಸೀರೆಯ ನೂಲನ್ನು ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಲು ಬಿಡುತ್ತಿದ್ದರು. ಎಳೆ ಹಿಡಿಯಲು ನೆರೆಹೊರೆಯವರೇ ಬರಬೇಕು. ಮನೆಯಲ್ಲಿ ಬೆಲೆಬಾಳುವ ವಸ್ತು ಎಂದರೆ ಆ ನೂಲೊಂದೇ. ಆದರೂ ಅದನ್ನು ಬೀದಿಯಲ್ಲಿ ಬಿಟ್ಟು ಎಲ್ಲರೂ ಒಳಗೆ ಹೋಗಿ ಉಣ್ಣುತ್ತಿದ್ದರು. ಯಾರೂ ಕಾಯುತ್ತಿರಲಿಲ್ಲ.

ಒಂದು ವರ್ಷ ಸೀರೆ ಕೊಳ್ಳುವವರೇ ಇಲ್ಲದಾದರು. ಮಗ್ಗಗಳು ಒಂದೊಂದಾಗಿ ನಿಂತವು. ಒಬ್ಬ ನೇಕಾರನಿಗೆ ಮಾತ್ರ ಒಂದು ಮದುವೆ ಸೀರೆಯ ಕೆಲಸ ಸಿಕ್ಕಿತು. ಮನೆಯಲ್ಲಿ ಅವನೂ ಮುದಿ ತಾಯಿಯೂ ಇಬ್ಬರೇ. ಹತ್ತು ದಿನದಲ್ಲಿ ಸೀರೆ ಕೊಟ್ಟರೆ ಜೋಳ, ಇಲ್ಲದಿದ್ದರೆ ಉಪವಾಸ. ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತ ಓಣಿಯವರನ್ನು ಕಂಡು ಅವನಿಗೆ ಭಯವಾಯಿತು. ನೂಲನ್ನು ಬೀದಿಗೆ ತರಲಿಲ್ಲ. ಹಿತ್ತಿಲ ಬಾಗಿಲು ಹಾಕಿಕೊಂಡು ಒಬ್ಬನೇ ಗಂಜಿ ಹಚ್ಚಿದ. ಹಿತ್ತಿಲು ಚಿಕ್ಕದು. ಅಷ್ಟುದ್ದದ ನೂಲನ್ನು ಕಂಬಕ್ಕೆ ಸುತ್ತಿ ಮಡಚಬೇಕಾಯಿತು. ಒಣಗುವ ಹೊತ್ತಿಗೆ ಎಳೆಗೆ ಎಳೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಪಟಪಟನೆ ಹರಿಯಿತು. ಬರಗಾಲದಲ್ಲಿ ಅಧಿಕಮಾಸ.

ಆಚೆ ಮನೆಯ ಮುದುಕಿ ನಿಂಬೆವ್ವನ ಬಳಿ ಅದೇ ಬಣ್ಣದ ಎರಡು ಲಡಿ ನೂಲು ಉಳಿದಿರುವುದು ಅವನಿಗೆ ಗೊತ್ತಿತ್ತು. ಮಟಮಟ ಮಧ್ಯಾಹ್ನ ಆಕೆಯ ಮನೆ ಹೊಕ್ಕ. ಬಾಗಿಲು ತೆರೆದೇ ಇತ್ತು. 'ತಾ ಕಳ್ಳ, ಪರರ ನಂಬ' ಎಂಬ ಗಾದೆಯಿದೆಯಲ್ಲ. ಈ ಮಹಾರಾಯ ಮೊದಲು ಪರರನ್ನು ನಂಬದಾದ, ಕಳ್ಳನಾದದ್ದು ಆಮೇಲೆ.

ಒಂದು ಲಡಿ ಕೈಯಲ್ಲಿರುವಾಗಲೇ ನಿಂಬೆವ್ವ ಒಳಗಿನಿಂದ ಬಂದಳು. ಗಂಜಿ ಮೆತ್ತಿದ ಅವನ ಬೆರಳುಗಳನ್ನು ನೋಡಿದಳು.

"ಅವ್ವಾ, ನಾ ಕದಿಯಾಕ ಬಂದಿದ್ದೆ" ಎಂದ ಅವನು.

"ಗೊತ್ತಾತು ಬಿಡು. ಒಂದು ಲಡಿ ಎಲ್ಲಿ ಸಾಲ್ತೈತೋ ತಮ್ಮಾ? ಇನ್ನೊಂದೂ ತಗೋ. ಹರಿದದ್ದನ್ನ ಓಣಿಗೆ ತಾ, ಎಲ್ಲಾರೂ ಕೂಡಿ ಬಿಡಸೋಣ."

ಅವನಿಗೆ ಅಳು ಬಂತು. ಆಕೆ ಓಣಿಯನ್ನೆಲ್ಲ ಕೂಗಿ ಕರೆದಳು. ಯಾರ ಹೊಟ್ಟೆಯೂ ತುಂಬಿರಲಿಲ್ಲ, ಆದರೂ ಎಲ್ಲರೂ ಬಂದರು. ನೂಲನ್ನು ಬೀದಿಯುದ್ದಕ್ಕೆ ಎಳೆದು ಕಟ್ಟಿದರು. ಅಂಟಿದ ಎಳೆಗಳನ್ನು ಬಿಡಿಸಿದರು, ಹರಿದವನ್ನು ಹೊಸ ನೂಲು ಸೇರಿಸಿ ಹೊಸೆದರು. ಹತ್ತನೆಯ ದಿನ ಸೀರೆ ಮುಗಿಯಿತು. ಅದರಿಂದ ಬಂದ ಜೋಳದ ರೊಟ್ಟಿಯನ್ನು ಇಡೀ ಓಣಿ ಉಂಡಿತು.

ಯುಗಾದಿಯ ದಿನ ಊರ ಗೌಡ ಬಂದು ಕೇಳಿದ: "ಹೋದ ವರ್ಷ ಬಾಳ ಕೆಟ್ಟದ್ದು. ನಿಮ್ಮ ಓಣಿಯಾಗ ಕಳವು ಎಷ್ಟಾದವು?"

ನೇಕಾರ ತಲೆ ತಗ್ಗಿಸಿದ.

"ಒಂದೂ ಇಲ್ರಿ ಗೌಡ್ರ" ಎಂದಳು ನಿಂಬೆವ್ವ.

ಗುರುಗಳು ಇಲ್ಲಿ ಕತೆ ನಿಲ್ಲಿಸಿ ಕೈ ಮುಗಿದರು. "ಆ ಊರ ಹೆಸರು ನಿನಗೆ ಬೇಡ. ಆಕೆಯ ಹೆಸರು ಮಾತ್ರ ನೆನಪಿಟ್ಟುಕೋ. ಉಣ್ಣುವ ಮೊದಲು ನೆನೆಯಬೇಕಾದ ಹೆಸರು ಅದು" ಎಂದರು.

ಶಿಷ್ಯ ಕೇಳಿದ: "ಆ ನೇಕಾರ ಆಮೇಲೆ ಏನಾದ, ಗುರುಗಳೇ?"

"ನಲವತ್ತು ವರ್ಷದಿಂದ ಈ ಉಗ್ರಾಣದ ಬಾಗಿಲು ತೆರೆದಿಟ್ಟು ಕೂತಿದ್ದಾನೆ, ಇವತ್ತು ನೀನು ಅವನ ಮುಂದೆ ಬೀಗ ತಂದಿಟ್ಟಿದ್ದೀಯೆ."